ಅತ್ತೆಯ ಗಾಡಿ ಮಾರಿದ ಮಳೆಗಾಲ

ಮೊನ್ನೆ ನಮ್ಮ ಶಾಲೆಯ ಕಿಟಕಿಗಳಿಗೆ ಹೊಸ ಸರಳು ಕೂಡಿಸಿದರು. ಕೂಡಿಸುವ ಮೊದಲು ಅವುಗಳನ್ನು ಅಂಗಳದ ಗೋಡೆಗೆ ಸಾಲಾಗಿ ಒರಗಿಸಿಟ್ಟು, ತುಕ್ಕು ಹತ್ತದಿರಲೆಂದು ಇಟ್ಟಂಗಿ ಬಣ್ಣದ ಲೇಪ ಬಳಿದಿದ್ದರು. ಮೋಡ ಮುಚ್ಚಿಕೊಂಡಿತ್ತು, ಗಾಳಿ ಇರಲಿಲ್ಲ, ವಾಸನೆ ಇದ್ದಲ್ಲೇ ನಿಂತುಬಿಟ್ಟಿತ್ತು. ಎಂಟನೇ ತರಗತಿಗೆ ಪಾಠ ಮಾಡುತ್ತಿದ್ದ ನಾನು ಒಂದು ವಾಕ್ಯದ ನಡುವೆ ಸುಮ್ಮನಾದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ಆರಾಮಿಲ್ಲೇನ್ರಿ?" ಎಂದು ಕೇಳಿದಳು. ಆರಾಮವಾಗಿಯೇ ಇದ್ದೆ. ಆದರೆ ಆ ವಾಸನೆ ನನ್ನನ್ನು ಎರಡು ವರ್ಷದ ಹಿಂದಿನ ಮಳೆಗಾಲಕ್ಕೆ, ಬಸವಕಲ್ಯಾಣದ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಎಳೆದುಕೊಂಡು ಹೋಗಿತ್ತು. ಅಲ್ಲಿ ನಮ್ಮ ಅತ್ತೆಯ ಅಂಬಾಸಿಡರ್ ನಿಲ್ಲುತ್ತಿತ್ತು. ಆ ಮಳೆಗಾಲದಲ್ಲಿ ನಾವು ಅದನ್ನು ಮಾರಿದೆವು. ಮಾರಿದ್ದು ತಪ್ಪೆಂದು ನಾನು ಈಗಲೂ ಅನ್ನುವುದಿಲ್ಲ. ಮಾರುವ ಹಾಗೆ ಮಾಡಲು ನಾನು ಹೇಳಿದ ಮಾತನ್ನು ಮಾತ್ರ ತಪ್ಪಲ್ಲ ಎನ್ನಲಾರೆ.

ಅತ್ತೆಯ ಹೆಸರು ಕಾಶಮ್ಮ. ಹುಮನಾಬಾದಿನಲ್ಲಿ ನಮ್ಮದೊಂದು ಅಡತಿ ಅಂಗಡಿ ಇದೆ. ಸುತ್ತಲಿನ ಹಳ್ಳಿಗಳಿಂದ ತೊಗರಿ, ಉದ್ದು, ಹೆಸರು ಬಂದು ಬೀಳುತ್ತವೆ, ಅಲ್ಲಿಂದ ಬೇಳೆ ಗಿರಣಿಗಳಿಗೆ ಹೋಗುತ್ತವೆ. ಮಾವ ತೀರಿಕೊಂಡಾಗ ನನ್ನ ಗಂಡ ಶಿವಕುಮಾರ ಇನ್ನೂ ಶಾಲೆಯಲ್ಲಿದ್ದರಂತೆ. ಮನೆಯ ದುಃಖ ಆರುವ ಮೊದಲೇ ನೆಂಟರು ಪಡಸಾಲೆಯಲ್ಲಿ ಕೂತು, ಅಂಗಡಿಯನ್ನು ಬೇರೆಯವರಿಗೆ ವಹಿಸಿ ಗಾಡಿಯನ್ನು ಮಾರಿಬಿಡುವಂತೆ ಹೇಳಿದರು. ಅತ್ತೆ ಎರಡನ್ನೂ ಮಾಡಲಿಲ್ಲ. ಕೋಟೆಯ ಹಿಂದಿನ ಬಯಲಿನಲ್ಲಿ ಟ್ರ್ಯಾಕ್ಟರ್ ಓಡಿಸುವವನೊಬ್ಬನಿಂದ ಗಾಡಿ ಕಲಿತರು. ತಲೆಯ ಮೇಲಿನ ಸೆರಗು ಜಾರದಂತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಸ್ಟೇರಿಂಗ್ ಪಕ್ಕದ ಗೇರು ಎಳೆಯುತ್ತ ಕೊಡಂಬಲಕ್ಕೆ, ಘಾಟಬೋರಾಳಕ್ಕೆ, ಗೋರ್ಟಾಕ್ಕೆ ಹೋಗಿ ಮಾಲು ನೋಡಿ ಬರುತ್ತಿದ್ದರು. ಹೊಲದಲ್ಲಿ ಬಗ್ಗಿದ್ದವರು ಹಾರ್ನಿನ ದನಿಯಿಂದಲೇ "ಗಾಡಿ ಅಮ್ಮ ಬಂದ್ಲು" ಅನ್ನುತ್ತಿದ್ದರಂತೆ. ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿನಿಂದ ಎರಡು ಸಲ ಹೊರಳಿಸಿದರೆ ಸಾಕು, ಎಷ್ಟು ಒಣಗಿದೆ, ಎಲ್ಲಿಯ ಮಣ್ಣು ಎಂದು ಹೇಳಿಬಿಡುತ್ತಿದ್ದರು.

ನಾನು ಈ ಮನೆಗೆ ಸೊಸೆಯಾಗಿ ಬರುವಷ್ಟರಲ್ಲಿ ಆ ಗಾಡಿ ಹಳೆಯದಾಗಿತ್ತು, ಆದರೆ ಮುದಿಯಾಗಿರಲಿಲ್ಲ. ಕೆನೆಬಣ್ಣದ ಮೈ, ಕನ್ನಡಿಯಂಥ ಬಂಪರು. ಸೋಮವಾರ ಬೆಳಗ್ಗೆ ಪೂಜೆ ಮುಗಿಸಿದ ಮೇಲೆ ಅತ್ತೆ ಮಾಡುವ ಮೊದಲ ಕೆಲಸ ಗಾಡಿ ಒರೆಸುವುದು. ಒಗೆದ ಪಂಚೆಯ ತುಂಡು ಹಿಡಿದು ಬಾನೆಟ್ಟಿನಿಂದ ಶುರುಮಾಡಿ ಚಕ್ರದ ಬಟ್ಟಲಿನವರೆಗೆ ಒರೆಸುತ್ತಿದ್ದರು. ಬೇರೆ ಯಾರೂ ಕೈ ಹಚ್ಚಕೂಡದು. ನನಗೆ ಓಡಿಸಲು ಕಲಿಸಬೇಕೆಂದು ಎರಡು ಸಲ ಬಯಲಿಗೆ ಕರೆದುಕೊಂಡು ಹೋದರು. ಕ್ಲಚ್ ಮೇಲೆ ಇಟ್ಟ ನನ್ನ ಕಾಲು ನಡುಗುತ್ತಿತ್ತು. "ನಿನ್ನ ಕಾಲಾಗ ಜೀವಾನೇ ಇಲ್ಲಲ್ಲ ವಿಜಯಾ" ಎಂದು ನಕ್ಕು ಬಿಟ್ಟುಬಿಟ್ಟರು. ಆಮೇಲೆ ನಾನು ಅವರ ಎಡಗಡೆಯ ಸೀಟಿನವಳಾದೆ. ಶಾಲೆಗೆ ರಜೆ ಇದ್ದ ಭಾನುವಾರಗಳೆಲ್ಲ ಅವರ ಜೊತೆ ಹುಮನಾಬಾದಿಗೋ ಹಳ್ಳಿಗೋ ಹೋಗುವುದು. ನಿಜ ಹೇಳಬೇಕೆಂದರೆ ಬರಬರುತ್ತ ಅದು ನನಗೆ ಬೇಸರವಾಗಿತ್ತು. ವಾರಕ್ಕೊಂದು ರಜೆ, ಅದೂ ಧೂಳು ಕುಡಿಯುವುದರಲ್ಲೇ ಹೋಗುತ್ತದಲ್ಲ ಎಂದು ಒಳಗೊಳಗೇ ಗೊಣಗುತ್ತಿದ್ದೆ. ಮುಂದೆ ನಡೆದದ್ದೆಲ್ಲ ಅತ್ತೆಯ ಜೀವದ ಕಾಳಜಿಯಿಂದಲೇ ನಡೆಯಿತು ಎಂದು ನಾನು ಪೂರ್ತಿ ಹೇಳಲಾರೆ. ಅದರಲ್ಲಿ ನನ್ನ ಭಾನುವಾರಗಳೂ ಸೇರಿದ್ದವು.

ಆ ವರ್ಷ ಮಿರಗದ ಮಳೆ, ಅಂದರೆ ಮೃಗಶಿರೆಯ ಮಳೆ, ಚೆನ್ನಾಗಿ ಬಿದ್ದು, ಆಷಾಢದಲ್ಲಿ ಎಲ್ಲ ಕಡೆ ಕಳೆ ತೆಗೆಯುವ ಕೆಲಸ ನಡೆದಿತ್ತು. ಒಂದು ಭಾನುವಾರ ಘಾಟಬೋರಾಳದಲ್ಲಿ ಒಬ್ಬ ಹಳೆಯ ರೈತರನ್ನು ಮಾತಾಡಿಸಿಕೊಂಡು ಮಧ್ಯಾಹ್ನ ಹಿಂದಿರುಗುತ್ತಿದ್ದೆವು. ಸಣ್ಣ ರಸ್ತೆ, ಎರಡೂ ಬದಿಗೆ ಕರಿ ಎರೆಮಣ್ಣು ಹಸಿಯಾಗಿ ಹೊಳೆಯುತ್ತಿತ್ತು. ಮುಂದೆ ರಸ್ತೆಯ ಎಡಬದಿಗೆ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಹೋಗುತ್ತಿದ್ದಳು. ರಸ್ತೆ ಬಿಟ್ಟು ಅಂಚಿಗೇ ಇದ್ದಳು. ಅತ್ತೆ ಹಾರ್ನ್ ಹೊಡೆಯುತ್ತಾರೆ, ಇಲ್ಲ ಸ್ವಲ್ಪ ಬಲಕ್ಕೆ ಹೊರಳಿಸುತ್ತಾರೆ ಎಂದುಕೊಂಡೆ. ಎರಡೂ ಆಗಲಿಲ್ಲ. ಗಾಡಿ ನೇರ ಅವಳತ್ತಲೇ ಸರಿಯಿತು. ನಾನು ಕಿರುಚಿದೆ. ಗಾಡಿಯ ಬದಿಯ ಕನ್ನಡಿ ಹೊರೆಗೆ ತಾಕಿ, ಅವಳು ಹೊರೆಯ ಸಮೇತ ಗಟಾರಿಗೆ ಉರುಳಿದಳು.

ಗಾಡಿ ನಿಲ್ಲಿಸಿದ ಅತ್ತೆ ನನ್ನತ್ತ ತಿರುಗಿ, "ಯಾಕ, ಏನಾತು? ಯಾಕ ಚೀರಿದಿ?" ಎಂದರು. ಅವರಿಗೆ ಏನೂ ಕಂಡಿರಲಿಲ್ಲ. ಬಡಿದ ಸದ್ದಷ್ಟೇ ಕೇಳಿತ್ತು.

ಇಬ್ಬರೂ ಇಳಿದು ಓಡಿದೆವು. ಆ ಹೆಣ್ಣುಮಗಳ ಹೆಸರು ಶಾಂತಾಬಾಯಿ, ಅದೇ ಊರಿನವಳು, ಕೂಲಿಗೆ ಹೋಗಿ ಬರುತ್ತಿದ್ದಳು. ದೇವರ ದಯೆ, ಹುಲ್ಲಿನ ಮೇಲೇ ಬಿದ್ದಿದ್ದಳು. ಮಣಿಕಟ್ಟು ಹೊರಳಿ ಊದಿಕೊಂಡಿತ್ತು, ಮೊಣಕಾಲು ತರಚಿತ್ತು. ಗಾಬರಿಯಲ್ಲಿ ಅತ್ತೆಯ ಬಾಯಿಂದ ಬಂದ ಮಾತು, "ಹಿಂಗ ನಡುರಸ್ತ್ಯಾಗ ಅಡ್ಡ ಬಂದ್ರ ಹ್ಯಾಂಗವ್ವ? ಗಾಡಿ ಬರೂದು ಗೊತ್ತಾಗಲಿಲ್ಲೇನು?"

ಶಾಂತಾಬಾಯಿ ಮಣ್ಣು ಕೊಡವಿಕೊಳ್ಳುತ್ತ, "ತಪ್ಪಾತ್ರಿ ಅಮ್ಮ. ನನ್ನ ಲಕ್ಷ ಇರಲಿಲ್ಲ ಕಾಣಸ್ತದ" ಎಂದಳು.

ಅವಳ ಲಕ್ಷ ಇತ್ತು, ಅವಳು ಅಂಚಿಗೇ ಇದ್ದಳು, ನಾನು ನೋಡಿದ್ದೆ. ಆದರೆ ನಾನು ಅಲ್ಲಿ ಏನೂ ಅನ್ನಲಿಲ್ಲ. ಅವಳನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹುಮನಾಬಾದಿನ ದವಾಖಾನೆಗೆ ಕರೆದೊಯ್ದೆವು. ಕೈಗೆ ಪಟ್ಟಿ ಕಟ್ಟಿಸಿ, ಮನೆಯ ಬಾಗಿಲಿಗೆ ಬಿಟ್ಟು ಬಂದೆವು. ದಾರಿಯುದ್ದಕ್ಕೂ ನಾನು ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದೆ.

ಮರುವಾರ ಹಟ ಮಾಡಿ ಅವರನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸವೆದಿದೆ, ಎದುರಿಗಿನದು ಕಾಣುತ್ತದೆ, ಬದಿಯದು ಹೋಗಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು ಎಂದು ಡಾಕ್ಟರು ತಿಳಿಸಿ ಹೇಳಿದರು. ಗಾಡಿ ಓಡಿಸುವುದನ್ನು ನಿಲ್ಲಿಸಬೇಕು ಎಂದೂ ಹೇಳಿದರು. ಅತ್ತೆ ಎಲ್ಲ ಕೇಳಿಸಿಕೊಂಡು ಹೊರಗೆ ಬಂದು, "ಮುಂದಿಂದು ಕಾಣ್ತದಂತ ಅವ್ರಾ ಅಂದ್ರಲ್ಲ. ರಸ್ತಿ ಮುಂದಾ ಇರ್ತದ, ಬಾಜೂಕ ಇರ್ತದೇನು?" ಎಂದು ಗಾಡಿಯ ಬಾಗಿಲು ತೆಗೆದರು. ಶಿವಕುಮಾರ ಕೀಲಿಗಾಗಿ ಕೈ ಚಾಚಿದರು. ಅತ್ತೆ ಆ ಕೈಯನ್ನು ನೋಡಲಿಲ್ಲ. ಕಾಣಲಿಲ್ಲವೋ, ಕಾಣದ ಹಾಗೆ ಮಾಡಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಯಲ್ಲಿ ಯಾರಿಗೂ ಅವರಿಗೆ ಎದುರು ನಿಂತು ಹೇಳುವ ಧೈರ್ಯ ಇರಲಿಲ್ಲ. ಗಂಡ ಒಂದೆರಡು ಸಲ ಬಾಯಿ ತೆರೆದರು. "ನಿಮ್ಮಪ್ಪ ಹೋದಾಗ ಭಿ ಎಲ್ಲಾರೂ ಹಿಂಗಾ ಅಂದ್ರು" ಎಂಬ ಒಂದು ಮಾತಿಗೆ ಮುಚ್ಚಿದರು. ಕೊನೆಗೆ ನನ್ನ ಹತ್ತಿರ ಬಂದು, "ನೀನಾ ಹೇಳು. ನಿನ್ನ ಮಾತ ಕೇಳ್ತಾಳ" ಎಂದರು. ಅಷ್ಟರಲ್ಲಿ ಅತ್ತೆ ಮತ್ತೆ ಎರಡು ಸಲ ಹುಮನಾಬಾದಿಗೆ ಹೋಗಿ ಬಂದಿದ್ದರು. ಹೆದ್ದಾರಿಯ ಲಾರಿಗಳ ನಡುವೆ, ಒಬ್ಬರೇ. ಅವರು ಬರುವವರೆಗೆ ನಾನು ಶಾಲೆಯಲ್ಲಿ ಕೂತು, ಯಾವ ರಸ್ತೆಯ ಅಂಚಿನಲ್ಲಿ ಯಾವ ಹೆಣ್ಣುಮಗಳು ನಡೆಯುತ್ತಿದ್ದಾಳೋ ಎಂದು ಯೋಚಿಸುತ್ತಿದ್ದೆ.

ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ತುಕ್ಕು. ಜಡಿಮಳೆ ಹಿಡಿದ ಒಂದು ವಾರ ಗಾಡಿಯೊಳಗೆ ಹಸಿವಾಸನೆ ಬರತೊಡಗಿತು. ಅತ್ತೆ ಕಾಲ ಕೆಳಗಿನ ಮ್ಯಾಟು ಎತ್ತಿಸಿದರು. ಅಡಿಯ ತಗಡು ಹಪ್ಪಳದಂತೆ ಎದ್ದು, ಒಂದು ಕಡೆ ನೆಲ ಕಾಣುವಷ್ಟು ತೂತಾಗಿತ್ತು. ಬಾಗಿಲಿನ ಕೆಳ ಅಂಚೂ ಉದುರುತ್ತಿತ್ತು. ನಾವು ಯಾವಾಗಲೂ ಗಾಡಿ ತೋರಿಸುವ ಮೆಕ್ಯಾನಿಕ್ ಮಕ್ಬೂಲ್ ಬಂದು ಕೆಳಗೆ ಮಲಗಿ ನೋಡಿದ. ತುಕ್ಕು ಕೆರೆದು, ಹರಡದಿರಲೆಂದು ಕೆಂಪು ಬಣ್ಣ ಹಚ್ಚಿದ. ನನ್ನೊಬ್ಬಳ ಎದುರಿಗೆ, "ಫಿಕರ್ ಇಲ್ರಿ ಅಕ್ಕಾ. ಇಲ್ಲೊಂದು ತಗಡ ಹಾಕಿ ವೆಲ್ಡಿಂಗ್ ಹೊಡದ್ರ ಬರಾಬ್ಬರ್ ಆಗ್ತದ. ಬುಡದ ಚೇಸಿ ಗಟ್ಟಿ ಅದ" ಎಂದ.

"ಈ ಮಾತ ಅತ್ತಿಗಿ ಹೇಳಬ್ಯಾಡ ಮಕ್ಬೂಲ್" ಎಂದೆ.

ಅವನು ಬ್ರಷ್ ಹಿಡಿದುಕೊಂಡೇ ನನ್ನ ಮುಖ ನೋಡಿದ. ಕಣ್ಣಿನ ವಿಷಯ ಹೇಳಿದೆ. ಶಾಂತಾಬಾಯಿಯ ವಿಷಯ ಹೇಳಿದೆ. ಅವನು, "ಝೂಟ್ ನಾ ಹೇಳಂಗಿಲ್ರಿ. ಕೇಳಿದ್ರ ಸುಮ್ಕಿರ್ತೀನಿ" ಎಂದು ಸಾಮಾನು ಕಟ್ಟಿಕೊಂಡು ಹೋದ.

ಸಂಜೆ ಅತ್ತೆ ಶೆಡ್ಡಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿ ಆ ತೂತಿನ ಅಂಚನ್ನು ಬೆರಳಿನಿಂದ ಸವರಿದರು. ಹೊರಗೆ ಮಳೆ ತಗಡಿನ ಮೇಲೆ ಬೀಳುತ್ತಿತ್ತು.

"ಇಷ್ಟಾ ಏನು, ಕೆಳಗ ಭಿ ಹೋಗ್ಯದ?"

"ಕೆಳಗ ಭಿ ಹೋಗ್ಯದ್ರಿ ಅತ್ತೀ" ಎಂದೆ. "ಚೇಸಿ ತಿಂದದಂತ. ರಿಪೇರಿ ಆಗೂದಿಲ್ಲಂತ. ಓಡಸ್ತಿರುವಾಗನಾ ಎರಡ ತುಂಡ ಆದ್ರ ಭಿ ಆಗ್ತದಂತ."

ಅವರು ಜಗಳ ತೆಗೆಯುತ್ತಾರೆ, ಮಕ್ಬೂಲನನ್ನು ಕರೆಸುತ್ತಾರೆ, ಇನ್ನೊಬ್ಬರಿಗೆ ತೋರಿಸುತ್ತಾರೆ ಎಂದೆಲ್ಲ ನಾನು ಸಿದ್ಧವಾಗಿದ್ದೆ. ಅದಾವುದೂ ಆಗಲಿಲ್ಲ. ಅವರು ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಪ್ರತಿ ಸೋಮಾರ ಒರಸ್ತಿದ್ನಲ್ಲ. ಮ್ಯಾಲ ಒರಸ್ದೆ, ಕೆಳಗ ನೋಡ್ಲಿಲ್ಲ. ನನ್ನ ಕೈಯಾಗಾ ಕೆಡ್ತು" ಎಂದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಮಾರಿಬಿಡ್ರಿ" ಎಂದರು.

ಆ ಕ್ಷಣಕ್ಕೆ ನನ್ನ ಮನಸ್ಸು ಹಗುರವಾಯಿತು. ಒಳಗೆ ಹೋಗಿ ಗಂಡನಿಗೆ ಹೇಳಿದೆ. ಅವರು ನಿಟ್ಟುಸಿರು ಬಿಟ್ಟು, "ಚಲೋ ಆತು" ಎಂದರು. ಒಂದು ಸುಳ್ಳಿನಿಂದ ಎಷ್ಟು ಜನರ ಜೀವ ಉಳಿಯಿತು ಎಂದು ಇಬ್ಬರೂ ಸಮಾಧಾನ ಹೇಳಿಕೊಂಡೆವು. ಅದು ಬಹಳ ದಿನ ನಿಲ್ಲಲಿಲ್ಲ.

ಶ್ರಾವಣ ಬಂತು. ಅತ್ತೆ ಪುರಾಣ ಕೇಳಲು ಹೋಗುವುದನ್ನು ಬಿಟ್ಟರು. ಅದಕ್ಕಿಂತ ಹೆಚ್ಚಿಗೆ ನನ್ನನ್ನು ಹೆದರಿಸಿದ್ದು ಇನ್ನೊಂದು. ಅವರು ಮನೆಯೊಳಗಿನ ಕಬ್ಬಿಣವನ್ನೆಲ್ಲ ಮುಟ್ಟಿ ಮುಟ್ಟಿ ನೋಡತೊಡಗಿದರು. ಟ್ರಂಕಿನ ಮುಚ್ಚಳ, ಬಾವಿಯ ಗಾಲಿ, ಕಾಳಿನ ಡಬ್ಬಿ. "ವಿಜಯಾ, ಇಲ್ಲಿ ತುಕ್ಕ ಹತ್ತೇದೇನ ನೋಡು. ನನಗ ತಿಳಿಯವಲ್ದು" ಅನ್ನುತ್ತಿದ್ದರು. ಇಲ್ಲ ಎಂದರೆ ನಂಬಿಕೆಯಿಲ್ಲದೆ ತಲೆ ಆಡಿಸುತ್ತಿದ್ದರು. ಉದ್ದು ಕೊಯ್ಲಿಗೆ ಬಂದಾಗ ಒಬ್ಬ ರೈತರು ಮನೆಗೇ ಮಾದರಿ ತಂದು, "ಕೈಯಾಗ ಹಿಡದು ಹೇಳ್ರಿ ಅಮ್ಮ" ಎಂದರು. ಅತ್ತೆ ಕಾಳನ್ನು ಅಂಗೈಯಲ್ಲಿ ಹಾಕಿಸಿಕೊಂಡರು, ಹೆಬ್ಬೆರಳು ಒಂದು ಸಲ ಹೊರಳಿತು, ಅಷ್ಟಕ್ಕೇ ನಿಂತಿತು. "ಶಿವಣ್ಣಗ ತೋರಸ್ರಿ. ನನ್ನ ಕೈ ಈಗ ಮದಲಿನಂಗ ಇಲ್ಲ" ಎಂದು ಕಾಳನ್ನು ವಾಪಸು ಸುರಿದರು.

ನಾನು ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಯ ಹಿಟ್ಟಿನ ಕೈಯಲ್ಲಿ ನಿಂತು ಅದನ್ನು ನೋಡಿದೆ. ನಾನು ಅವರಿಂದ ತೆಗೆದುಕೊಳ್ಳಬೇಕೆಂದಿದ್ದು ಗಾಡಿಯನ್ನು ಮಾತ್ರ. ಅವತ್ತೇ ಹೋಗಿ ಕಾಲು ಹಿಡಿದು ಹೇಳಿಬಿಡಬೇಕೆಂದುಕೊಂಡೆ. ಹೇಳಿದರೆ ಮತ್ತೆ ಕೀಲಿ ತೆಗೆದುಕೊಂಡು ಹೊರಟುಬಿಟ್ಟರೆ? ಗಾಡಿ ಮನೆ ಬಿಟ್ಟು ಹೋಗಲಿ, ಆಮೇಲೆ ಹೇಳಿದರಾಯಿತು ಎಂದು ದಿನ ದೂಡಿದೆ. ಮಾರುವವರೆಗೂ ಸೋಮವಾರಗಳಂದು ಅವರು ಗಾಡಿ ಒರೆಸುವುದನ್ನು ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಮೊದಲಿನಂತೆ ಹುರುಪಿನಿಂದಲ್ಲ, ಕಾಯಿಲೆಯವರ ಮೈ ಒರೆಸುವ ಹಾಗೆ.

ಕೊಳ್ಳಲು ಬಂದವರು ಲಾತೂರಿನ ಒಬ್ಬ ದೇಶಪಾಂಡೆ. ನಿವೃತ್ತರು, ಹಳೆಯ ಗಾಡಿಗಳೆಂದರೆ ಪ್ರಾಣ. ಗಂಡನಿಗೆ ಪರಿಚಯದವರ ಮೂಲಕ ಸಿಕ್ಕಿದ್ದರು. ಮರಾಠಿ ಬೆರೆಸಿದ ಕನ್ನಡ ಮಾತಾಡುತ್ತಿದ್ದರು. ಭಾದ್ರಪದದ ಒಂದು ಬೆಳಗ್ಗೆ, ಮಳೆ ಹೊಳವು ಕೊಟ್ಟಾಗ ಬಂದರು. ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ತಂದು ನಿಲ್ಲಿಸಿದ್ದೆವು. ಅವರು ಒಂದು ಸುತ್ತು ಹಾಕಿ, "ವಾ! ಎಷ್ಟು ಛಾನ್ ಇಟ್ಟೀರಿ" ಎಂದು ಬಾನೆಟ್ಟಿನ ಮೇಲೆ ಕೈ ಇಟ್ಟರು.

ಅತ್ತೆ ಪಡಸಾಲೆಯಿಂದ ಎದ್ದು ಬಂದರು. "ಮದಲಾ ಹೇಳ್ತೀನಿ ಕೇಳ್ರಿ. ಮುಚ್ಚಿ ಮಾರೂ ಮಂದಿ ನಾವಲ್ಲ. ಗಾಡಿ ಮ್ಯಾಲಷ್ಟೇ ಚಲೋ ಅದ. ಕೆಳಗ ಚೇಸಿ ತುಕ್ಕ ತಿಂದದ. ಸಾಮಾನಿಗಿ ಬೇಕಾದ್ರ ಒಯ್ರಿ, ಓಡಸಾಕ ಒಯ್ಯಬ್ಯಾಡ್ರಿ. ಜೀವಕ್ಕ ಧೋಕಾ ಅದ."

ನಾನು ಚಹದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟೆ. ಗಂಡ, "ಅದು... ಮಕ್ಬೂಲ್ ಎಲ್ಲಾ ನೋಡ್ಯಾನ್ರಿ" ಎಂದು ಏನೋ ಅನ್ನಲು ಹೋದರು. ದೇಶಪಾಂಡೆ ಆಗಲೇ ಒಂದು ಗೋಣಿಚೀಲ ಹಾಸಿಕೊಂಡು, ಬ್ಯಾಟರಿ ಹಿಡಿದು ಗಾಡಿಯ ಕೆಳಗೆ ಸರಿದಿದ್ದರು. ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಬಂತು, ಟಣ್, ಟಣ್. ಬಹಳ ಹೊತ್ತು ಬಂತು. ಆಮೇಲೆ ಅವರು ಹೊರಗೆ ಬಂದು ಮೈ ಝಾಡಿಸಿಕೊಂಡು ನಕ್ಕರು.

"ಆಯೀ, ನಿಮ್ಗ ಯಾರ ಹೇಳಿದ್ರು? ಚೇಸಿ ಏಕದಂ ಮಜಬೂತ್ ಅದ. ಕಾಲಬುಡಕ ಒಂದ ತಗಡಿನ ಪತ್ರಾ ಹೋಗ್ಯದ, ಬಾಗಲದ ಅಂಚ ಹೋಗ್ಯದ, ಅಷ್ಟಾ. ಇಷ್ಟ ಹಳೆ ಗಾಡಿ ಇಷ್ಟ ಚೊಕ್ಕ ಇಟ್ಟದ್ದು ನಾ ನೋಡಿಲ್ಲ."

ಬದಿಯದು ಕಾಣದ್ದರಿಂದ ಅತ್ತೆ ಯಾರನ್ನಾದರೂ ನೋಡಬೇಕಾದರೆ ಕತ್ತನ್ನು ಪೂರ್ತಿ ತಿರುಗಿಸಬೇಕಾಗಿತ್ತು. ಮೊದಲು ಮಗನತ್ತ ತಿರುಗಿದರು. ಆಮೇಲೆ ನಿಧಾನಕ್ಕೆ ನನ್ನತ್ತ ತಿರುಗಿ, ನನ್ನ ಮುಖ ಸಿಗುವವರೆಗೆ ಹುಡುಕಿ, ನಿಂತರು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿಯಿತು.

"ಕೀಲಿ ಕೊಡು" ಎಂದರು ಮಗನಿಗೆ. ಅವರು ಕೊಟ್ಟರು. ಅತ್ತೆ ಬಾಗಿಲು ತೆಗೆದು ಚಾಲಕನ ಸೀಟಿನಲ್ಲಿ ಕೂತರು. ಆದರೆ ಅವರು ಗಾಡಿ ಚಾಲೂ ಮಾಡಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟು ಎದುರಿಗೆ ನೋಡುತ್ತ, "ವಿಜಯಾ, ಎಡಗಡಿ ಬಾಗಲದ ಹತ್ರ ನಿಂದ್ರು. ನಾ ಮುಂದ ನೋಡಾಕತ್ತೀನಿ. ನೀ ಹಗೂರ ಮುಂದ ನಡ್ಕೋತ ಬಾ. ಕಂಡ ಕೂಡ್ಲೆ ಹಾರ್ನ್ ಹೊಡಿತೀನಿ" ಎಂದರು.

ನಾನು ಬಾಗಿಲ ಬಳಿಯಿಂದ ಹೊರಟೆ. ಮುಂದಿನ ಚಕ್ರ ದಾಟಿದೆ. ಹಾರ್ನ್ ಇಲ್ಲ. ದೀಪದ ಹತ್ತಿರ ಬಂದೆ. ಮುಂದಿನ ಗಾಜಿನೊಳಗಿನಿಂದ ಅವರ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಹುಬ್ಬು ಗಂಟಿಕ್ಕಿ, ಖಾಲಿ ಅಂಗಳ ನೋಡುತ್ತಿರುವವರಂತೆ ಎದುರಿಗೆ ದಿಟ್ಟಿಸಿದ್ದರು. ಬಂಪರಿನ ಮುಂದೆ ತಿರುಗಿ ಒಂದೊಂದೇ ಹೆಜ್ಜೆ ಇಟ್ಟೆ. ಈಗ ಹೊಡೆಯಲಿ ದೇವರೇ, ಈಗಲಾದರೂ ಹೊಡೆಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಗಾಡಿ ಬಿಡಿಸಲು ಸುಳ್ಳು ಹೇಳಿ ಗೆದ್ದಿದ್ದವಳು, ಈಗ ಅವರಿಗೆ ಕಣ್ಣು ಕಾಣಲಿ ಎಂದು ಬೇಡುತ್ತಿದ್ದೆ. ಬಾನೆಟ್ಟಿನ ನಟ್ಟನಡುವೆ ಬಂದಾಗ ಹಾರ್ನ್ ಆಯಿತು. ಅಷ್ಟು ಹತ್ತಿರದಿಂದ ಅದು ಬೆಚ್ಚಿಬೀಳಿಸುವಂತಿತ್ತು.

"ಈಗ ಎಲ್ಲಿದ್ದಿ?"

"ನಡುವ ಅದೀನ್ರಿ."

"ನಡುವ?" ಎಂದರು. "ಇನ್ನೊಮ್ಮಿ ಬಾ" ಎಂದರು. ಇನ್ನೊಮ್ಮೆ ಬಂದೆ. ಅಲ್ಲೇ ಆಯಿತು. ಬಲಗಡೆಯಿಂದ ಬಂದಾಗಲೂ ನಾನು ಅವರ ಎದುರಿಗೇ ಬಂದು ನಿಂತ ಮೇಲೆ ಆಯಿತು. ದೇಶಪಾಂಡೆಗೆ ಮೊದಲು ಏನೂ ತಿಳಿಯಲಿಲ್ಲ, ಆಮೇಲೆ ತಿಳಿದು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಅತ್ತೆ ಇಳಿದು, ಗಾಡಿಗೆ ಕೈ ಆನಿಸಿಕೊಂಡು ಬಂದು ಕೀಲಿಯನ್ನು ದೇಶಪಾಂಡೆಯವರಿಗೆ ಕೊಟ್ಟರು. "ಒಯ್ರಿ. ತಗಡ ಹಾಕಿಸ್ರಿ. ಗಾಡಿ ಚಲೋ ಅದ" ಎಂದರು. ದೇಶಪಾಂಡೆ ಗಾಡಿ ಚಾಲೂ ಮಾಡಿ ಓಣಿ ದಾಟಿದ ಮೇಲೆ ಅತ್ತೆ, "ಗಾಡಿ ಚಲೋ ಅದ" ಎಂದು ಇನ್ನೊಮ್ಮೆ, ಯಾರಿಗೂ ಅಲ್ಲದೆ, ಅಂದರು.

ಅಂದು ಸಂಜೆ ದೀಪ ಹಚ್ಚಿದ ಮೇಲೆ ನಾನು ಅವರ ಹತ್ತಿರ ಹೋಗಿ ಕೂತೆ. ಏನು ಹೇಳಬೇಕೆಂದು ಇಡೀ ದಿನ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು, "ನಿಮ್ಮ ಒಳ್ಳೇದಕ್ಕಂತ..."

"ನನ್ನ ಒಳ್ಳೇದಕ್ಕ ಅನಬ್ಯಾಡ. ಹೇಳಾಕ ಧೈರ್ಯ ಆಗ್ಲಿಲ್ಲ ಅನ್ನು."

"ಆಗ್ಲಿಲ್ರಿ."

"ಕಣ್ಣ ಹೋಗ್ಯಾವ, ಇನ್ನ ಗಾಡಿ ಮುಟ್ಟಬ್ಯಾಡ್ರಿ ಅಂತ ಎದುರಿಗಿ ನಿಂತು ಅಂದಿದ್ರ ನಾ ನಿನ್ನ ಬೈತಿದ್ದೆ. ನಾಕ ದಿನ ಮಾತ ಬಿಡ್ತಿದ್ದೆ. ಅಳ್ತಿದ್ದೆ. ಆಮ್ಯಾಲ ತಿಳೀತಿತ್ತು." ಅವರು ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡಿದ್ದರು. "ಕಣ್ಣ ಹೋಗೂದು ನನ್ನ ತಪ್ಪಲ್ಲ. ನೀ ನನ್ನ ಕೈ ಸುಳ್ಳ ಮಾಡಿದಿ, ವಿಜಯಾ."

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. "ಅವತ್ತ ಆ ಹೆಣ್ಮಗಳು ಎಲ್ಲಿದ್ದಳು? ಖರೆ ಹೇಳು" ಎಂದು ಕೇಳಿದರು.

"ಬಾಜೂಕೇ ಇದ್ದಳ್ರಿ. ರಸ್ತಿ ಬಿಟ್ಟು."

ಅವರು ಕಣ್ಣು ಮುಚ್ಚಿಕೊಂಡರು.

ಆ ಭಾನುವಾರ ಇಬ್ಬರೂ ಬಸ್ಸು ಹಿಡಿದು ಹುಮನಾಬಾದಿಗೆ, ಅಲ್ಲಿಂದ ಇನ್ನೊಂದು ಹಿಡಿದು ಘಾಟಬೋರಾಳಕ್ಕೆ ಹೋದೆವು. ಬಸ್ಸಿನ ಮೆಟ್ಟಿಲು ಅವರಿಗೆ ಕಾಣಲಿಲ್ಲ, ಕಾಲಿನಿಂದ ತಡವಿ ಹತ್ತಿದರು. ಶಾಂತಾಬಾಯಿ ಮನೆಯ ಮುಂದೆ ಹೆಸರಿನ ಕಾಯಿ ಬಿಡಿಸುತ್ತ ಕೂತಿದ್ದಳು. ನಮ್ಮನ್ನು ಕಂಡು ಗಡಬಡಿಸಿ ಎದ್ದು ಕಂಬಳಿ ಹಾಸಿದಳು. ಕೈ ನೆಟ್ಟಗಾಗಿತ್ತು. ಚಹ ಮಾಡಿ ತಂದಳು. ರಸ್ತೆ ಬಿಟ್ಟು ಬದುವಿನ ಮೇಲೆ ಸುತ್ತು ಹಾಕಿ ಹೊಲಕ್ಕೆ ಹೋಗುತ್ತಿದ್ದಾಳಂತೆ. "ರಸ್ತಿ ಮ್ಯಾಲ ನನಗ ಧ್ಯಾನ ಇರಂಗಿಲ್ಲಂತ ಮನ್ಯಾಗ ದಿನಾ ಅಂತಾರ್ರಿ. ಯಾವತ್ತರ ಲಾರಿ ಬುಡಕ ಹೋಗ್ತಿ ಅಂತಾರ" ಎಂದು ನಗುತ್ತ ಹೇಳಿದಳು.

ಅತ್ತೆ ಚಹದ ಕಪ್ಪು ಕೆಳಗಿಟ್ಟು, ಗಾಳಿಯಲ್ಲಿ ತಡವಿ ಅವಳ ಮಣಿಕಟ್ಟು ಹಿಡಿದುಕೊಂಡರು. "ಧ್ಯಾನ ನಿನಗ ಇತ್ತವ್ವ. ನನಗ ಕಣ್ಣ ಇರಲಿಲ್ಲ. ನೀ ಅಡ್ಡ ಬಂದಿಲ್ಲ. ನಾ ನಿನ್ನ ಮ್ಯಾಲ ಬಂದೆ. ಬಂದು, ನಿನಗಾ ಬೈದೆ."

ಶಾಂತಾಬಾಯಿಯ ನಗು ನಿಂತಿತು. "ಹಂಗಾದ್ರ ನಾ ಬಾಜೂಕೇ ಇದ್ದೆ?"

"ಬಾಜೂಕೇ ಇದ್ದಿ."

ಅವಳು ತಟ್ಟನೆ ಎದ್ದು ಒಳಗಿನ ಕತ್ತಲೆಗೆ ಮುಖ ಮಾಡಿ ಗಂಡನಿಗೆ ಕೂಗಿದಳು, "ಕೇಳಿದ್ರೇನು? ನಾ ಬಾಜೂಕೇ ಇದ್ದೆನಂತ! ಅಮ್ಮನಾ ಹೇಳಾಕತ್ತಾರ!" ಒಳಗಿನಿಂದ ಕೆಮ್ಮಿನ ಸದ್ದು ಬಂತು. ಅವಳು ಮತ್ತೆ ಬಂದು ಕೂತು, ನನ್ನತ್ತ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ತಿಳಿದುಕೊಳ್ಳುವ ಆಸೆ ಇತ್ತು.

"ನೀವ ಭಿ ಗಾಡಿಯಾಗಾ ಇದ್ರಲ್ರಿ ಅಕ್ಕೋರೆ. ನಿಮಗ ಕಂಡಿತ್ತೇನ್ರಿ?"

"ಕಂಡಿತ್ತು" ಎಂದೆ.

"ಮತ್ತ ಅವತ್ತ ಯಾಕ ಅನ್ಲಿಲ್ರಿ?"

ನಾನು ಒಂದು ಹೆಸರುಕಾಯಿ ಎತ್ತಿಕೊಂಡು ಬಿಡಿಸತೊಡಗಿದೆ. ಅತ್ತೆಯೂ ನನ್ನ ಪರವಾಗಿ ಏನೂ ಹೇಳಲಿಲ್ಲ. ಶಾಂತಾಬಾಯಿ ಬಿಡಿಸಿದ ಹೆಸರುಕಾಳನ್ನು ಒಂದು ಬೊಗಸೆ ಅತ್ತೆಯ ಸೆರಗಿಗೆ ಹಾಕಿದಳು. ಅತ್ತೆ ಅದರಲ್ಲಿ ಒಂದಿಷ್ಟು ಅಂಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಹೊರಳಿಸಿ, "ಇನ್ನೆರಡ ಬಿಸಲ ಬೇಕು" ಎಂದರು.

ಈಗ ಅತ್ತೆ ವಾರಕ್ಕೊಮ್ಮೆ ಮಗ ಆಮೇಲೆ ತೆಗೆದುಕೊಂಡ ಗಾಡಿಯಲ್ಲಿ ಅಂಗಡಿಗೆ ಹೋಗುತ್ತಾರೆ. ಗಾದಿಯ ಮೇಲೆ ಕೂತು ಕಾಳು ಹಿಡಿದು ಹೇಳುತ್ತಾರೆ. ರೈತರು ಕೇಳಿಕೊಂಡು ಬರುತ್ತಾರೆ. ಕಣ್ಣಿನ ಹನಿ ನಾನೇ ಹಾಕುತ್ತೇನೆ. ನನ್ನೊಂದಿಗೆ ಮಾತು ಬಿಟ್ಟಿಲ್ಲ, ಕಟುವಾಗಿ ಆಡಿದ್ದೂ ಇಲ್ಲ. ಹಬ್ಬಕ್ಕೆ ನನಗೆ ಸೀರೆ ಆರಿಸಲು ಮಗನೊಡನೆ ಅಂಗಡಿಗೆ ಹೋಗುತ್ತಾರೆ, ಬಟ್ಟೆಯ ಅಂಚು ಸವರಿ ಸವರಿ ಒಳ್ಳೆಯದನ್ನೇ ತರುತ್ತಾರೆ. ನೋಡಿದವರು ಅತ್ತೆ ಸೊಸೆ ಎಂದರೆ ಹೀಗಿರಬೇಕು ಅನ್ನುತ್ತಾರೆ.

ಆದರೆ ನಾನು ಹಾಲು ಕಾದಿದೆ ಎಂದರೆ ಅವರು ಪಾತ್ರೆಯ ಹತ್ತಿರ ಬೆರಳು ಒಯ್ಯುತ್ತಾರೆ. ಬಾಗಿಲು ಹಾಕಿದ್ದೇನೆ ಎಂದರೆ ಎದ್ದು ಹೋಗಿ ಅಗುಳಿ ಮುಟ್ಟಿ ಬರುತ್ತಾರೆ. ಮಗ ಹೇಳಿದ್ದನ್ನಾಗಲಿ, ಪಕ್ಕದ ಮನೆಯವರು ಹೇಳಿದ್ದನ್ನಾಗಲಿ ಹಾಗೆ ಮುಟ್ಟಿ ನೋಡುವುದಿಲ್ಲ. ನಿನ್ನೆ ಸಂಜೆ ಪಡಸಾಲೆಯಲ್ಲಿ ಕೂತಿದ್ದರು. ಮಗ್ಗುಲ ಮನೆಗೆ ಹೋಗಬೇಕಾಗಿತ್ತು. "ಮಳಿ ನಿಂತದೇನು?" ಎಂದು ಕೇಳಿದರು.

"ನಿಂತದ್ರಿ ಅತ್ತೀ" ಎಂದೆ.

ಅವರು ಕಿಟಕಿಯ ಹತ್ತಿರ ಹೋಗಿ, ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿ, ಅಂಗೈ ಮೇಲೆ ಮಾಡಿ ನಿಂತರು. ಮಳೆ ನಿಜವಾಗಿಯೂ ನಿಂತಿತ್ತು. ನಾನು ಛತ್ರಿ ಹಿಡಿದುಕೊಂಡು, ಅವರಿಗೆ ಖಾತ್ರಿಯಾಗುವವರೆಗೆ ಹಿಂದೆ ಕಾಯುತ್ತ ನಿಂತೆ.